‘ಟೆನ್ಷನ್ ಮಾಡ್ಕೋಬೇಡಿ’ ಅಂದರೆ ಕಿವಿ ಕೇಳುತ್ತಾ?

ನಮ್ಮ ಚಿಕ್ಕಮ್ಮನಿಗೆ ಮೊದಲ ಸಲ ಆ ತಲೆಸುತ್ತು ಬಂದಾಗ ಅವರು ಒಲೆಯ ಮುಂದೆ ನಿಂತಿದ್ದರು. ಎಡಗಿವಿಗೆ ಹತ್ತಿ ತುರುಕಿದ ಹಾಗೆ ಆಯಿತಂತೆ. ಆಮೇಲೆ ಗುಂಯ್ ಎಂಬ ಸದ್ದು. ಐದು ನಿಮಿಷ ಕಳೆಯುವುದರೊಳಗೆ ಗೋಡೆ, ಕಿಟಕಿ, ಪಾತ್ರೆ ಎಲ್ಲವೂ ಒಂದೇ ದಿಕ್ಕಿಗೆ ಓಡತೊಡಗಿದವು. ನಾವು ಹೋಗಿ ನೋಡಿದಾಗ ಕೆನ್ನೆಯನ್ನು ನೆಲಕ್ಕೆ ಒತ್ತಿ ಮಲಗಿದ್ದರು. ಎಲ್ಲಿ ಉರುಳಿಹೋಗುತ್ತೇನೋ ಎಂಬ ಭಯಕ್ಕೆ ಎರಡೂ ಕೈ ಚಾಚಿ ನೆಲವನ್ನೇ ಹಿಡಿದುಕೊಂಡಿದ್ದರು. ಎರಡು ಗಂಟೆ ಹೊತ್ತು ಬರೀ ವಾಂತಿ.

ಒಬ್ಬರು ಪಿತ್ತ ಎಂದರು. ಇನ್ನೊಬ್ಬರು ಲೋ ಬಿಪಿ ಎಂದರು. ಪಕ್ಕದ ಮನೆಯ ಅಜ್ಜಿ ಬಂದು ದೃಷ್ಟಿ ತೆಗೆದರು. ಇದು ಕಿವಿಯ ಕಾಯಿಲೆ ಎಂದು ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ಹೆಸರು ಮೆನಿಯೇರ್ಸ್. ಮಾತ್ರೆಯ ಚೀಟಿಯ ಜೊತೆ ಒಂದು ಸಲಹೆಯೂ ಸಿಕ್ಕಿತು: ‘ಉಪ್ಪು ಕಡಿಮೆ ಮಾಡಿ, ಟೆನ್ಷನ್ ಮಾಡ್ಕೋಬೇಡಿ.’

ಮನೆಗೆ ಬಂದ ಮೇಲೆ ಚಿಕ್ಕಮ್ಮ ಕೇಳಿದರು: ‘ಟೆನ್ಷನ್ ಏನು ನಾನು ಬೇಕು ಅಂತ ಮಾಡ್ಕೊಳ್ತೀನಾ? ಅಂದ್ರೆ ಈ ಕಾಯಿಲೆ ನಾನೇ ತಂದ್ಕೊಂಡಿದ್ದು ಅಂತಾನಾ?’ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಲೆಸುತ್ತು ಎಂದರೆ ತಲೆಯದ್ದೇ ತೊಂದರೆ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಮಿದುಳಿಗೆ ರಕ್ತ ನುಗ್ಗಿದೆ ಎಂದು ಯುರೋಪಿನ ವೈದ್ಯರು ರೋಗಿಯ ರಕ್ತ ತೆಗೆಯುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು. ಪ್ಯಾರಿಸ್ಸಿನಲ್ಲಿ ಕಿವುಡ ಮಕ್ಕಳ ಸಂಸ್ಥೆಯ ವೈದ್ಯರಾಗಿದ್ದ ಪ್ರಾಸ್ಪರ್ ಮೆನಿಯೇರ್ ಎಂಬುವರು 1861ರಲ್ಲಿ ಬೇರೆ ಮಾತು ಹೇಳಿದರು. ತಲೆಸುತ್ತು, ಕಿವಿಯ ಸದ್ದು, ಕಿವುಡು ಮೂರೂ ಒಟ್ಟಿಗೆ ಬರುವವರಲ್ಲಿ ತೊಂದರೆ ಇರುವುದು ಒಳಕಿವಿಯಲ್ಲಿ ಎಂದರು. ಮರುವರ್ಷವೇ ಅವರು ತೀರಿಕೊಂಡರು. ಅವರ ಮಾತಿಗೆ ಬೆಲೆ ಬಂದದ್ದು ಆಮೇಲೆ.

ಒಳಕಿವಿ ಎಂದರೆ ಕಿವಿಯ ಆಳದ ಗಟ್ಟಿ ಎಲುಬಿನೊಳಗೆ ಕೊರೆದಿರುವ ಒಂದು ಪುಟ್ಟ ಸುರಂಗ. ಒಂದು ತುದಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಭಾಗವಿದೆ, ಅದು ಕೇಳುವುದಕ್ಕೆ. ಇನ್ನೊಂದು ತುದಿಯಲ್ಲಿ ಮೂರು ಅರ್ಧವೃತ್ತದ ಕೊಳವೆಗಳಿವೆ, ಅವು ತಲೆ ಯಾವ ಕಡೆ ತಿರುಗಿತು ಎಂದು ಮಿದುಳಿಗೆ ಹೇಳುವುದಕ್ಕೆ. ಇಡೀ ಸುರಂಗದ ಒಳಗೆ ತೆಳು ಪೊರೆಯ ಒಂದು ಚೀಲ. ಅದರ ತುಂಬಾ ಒಂದು ದ್ರವ. ಅಳೆದರೆ ಹೆಚ್ಚೆಂದರೆ ಒಂದೆರಡು ಹನಿ. ಚೀಲದ ಒಳಗಿನ ದ್ರವದಲ್ಲಿ ಪೊಟ್ಯಾಸಿಯಂ ಜಾಸ್ತಿ, ಹೊರಗಿನ ದ್ರವದಲ್ಲಿ ಸೋಡಿಯಂ ಜಾಸ್ತಿ. ಎರಡೂ ಬೆರೆಯಬಾರದು. 1938ರಲ್ಲಿ ಲಂಡನ್ನಿನಲ್ಲೂ ಜಪಾನಿನಲ್ಲೂ ತಜ್ಞರು ತೀರಿಕೊಂಡ ರೋಗಿಗಳ ಕಿವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಚೀಲ ಊದಿಕೊಂಡಿರುವುದು ಕಂಡಿತು. ಊದಿದ ಪೊರೆ ಎಲ್ಲೋ ಬಿರಿದು ದ್ರವಗಳು ಬೆರೆತಾಗ ನರ ತಾತ್ಕಾಲಿಕವಾಗಿ ಕೆಡುತ್ತದೆ, ಆಗಲೇ ಲೋಕ ತಿರುಗುತ್ತದೆ ಎಂಬುದು ಒಂದು ಹಳೆಯ ವಿವರಣೆ. ಆದರೆ ಚೀಲ ಊದಿದ್ದರೂ ತಲೆಸುತ್ತೇ ಬರದವರೂ ಸಿಕ್ಕಿದ್ದಾರೆ. ಹಾಗಾಗಿ ಊತವೊಂದೇ ಪೂರ್ತಿ ಕಾರಣ ಅಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಲ್ಲ ತಲೆಸುತ್ತೂ ಮೆನಿಯೇರ್ಸ್ ಅಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವೇ ಸೆಕೆಂಡು ಗಿರ್ರನೆ ತಿರುಗಿ ನಿಂತರೆ, ಅದು ಕಿವಿಯೊಳಗಿನ ಪುಟ್ಟ ಹರಳುಗಳು ಜಾಗ ತಪ್ಪಿದ್ದರಿಂದ ಆಗಿರುವ ಸಾಧ್ಯತೆ ಹೆಚ್ಚು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುವ ಚಿಕಿತ್ಸೆಯಿಂದಲೇ ಅದನ್ನು ಸರಿಮಾಡಬಹುದು. ಮೆನಿಯೇರ್ಸ್‌ನಲ್ಲಿ ಒಂದೊಂದು ಸಲದ ಸುತ್ತು 20 ನಿಮಿಷದಿಂದ 12 ಗಂಟೆವರೆಗೆ ಇರುತ್ತದೆ. ಜೊತೆಗೆ ಒಂದು ಕಿವಿ ಕಟ್ಟುತ್ತದೆ, ಗುಂಯ್‌ಗುಡುತ್ತದೆ, ದಪ್ಪ ದನಿಗಳು ಮೊದಲು ಮಂದವಾಗುತ್ತವೆ. ಕಿವಿಯ ಪರೀಕ್ಷೆ ಮಾಡಿಸದೆ ಇದನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇಂಥ ಪರೀಕ್ಷೆ ಮಾಡುತ್ತಾರೆ. ಇನ್ನು ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ವಸ್ತು ಎರಡಾಗಿ ಕಂಡರೆ ಅದು ಪಾರ್ಶ್ವವಾಯು ಇರಬಹುದು. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ.

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ಟೆನ್ಷನ್ನಿಗೂ ಕಿವಿಗೂ ಏನು ಸಂಬಂಧ?

ನಮ್ಮ ಮಿದುಳಿನಿಂದ ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಮೈಯಲ್ಲಿ ನೀರು ಹಿಡಿದಿಡುವುದು ಅದರ ಕೆಲಸ. ಬಾಯಾರಿದಾಗ ಅದು ಏರುತ್ತದೆ. ನೋವು, ಹೆದರಿಕೆ, ಒತ್ತಡ ಇದ್ದಾಗಲೂ ಏರುತ್ತದೆ. ಒಳಕಿವಿಯ ಆ ಚೀಲವೂ ಈ ಹಾರ್ಮೋನಿನ ಮಾತು ಕೇಳುತ್ತದೆ ಎಂದು ಜಪಾನಿನ ವೈದ್ಯರು ತೋರಿಸಿದ್ದಾರೆ. ಅಂದರೆ ಮನಸ್ಸಿನ ಒತ್ತಡ ಕಿವಿಯ ನೀರನ್ನು ತಲುಪುವುದಕ್ಕೆ ಒಂದು ದಾರಿ ನಿಜವಾಗಿ ಇದೆ. ಆದರೆ ಇದರಲ್ಲಿ ಒಂದು ತೊಡಕೂ ಇದೆ. ವಾಕರಿಕೆ ಬಂದರೂ ಈ ಹಾರ್ಮೋನು ಜೋರಾಗಿ ಏರುತ್ತದೆ. ಹಾಗಾಗಿ ರೋಗಿಯ ರಕ್ತದಲ್ಲಿ ಅದು ಜಾಸ್ತಿ ಕಂಡರೆ, ಅದರಿಂದ ಸುತ್ತು ಬಂತೋ ಸುತ್ತಿನಿಂದ ಅದು ಬಂತೋ ಹೇಳುವುದು ಕಷ್ಟ.

ಸ್ವೀಡನ್ನಿನಲ್ಲಿ 46 ರೋಗಿಗಳ ಮೇಲೆ ಮಾಡಿದ, 2004ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಇಷ್ಟವಾಯಿತು. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಲಿಲ್ಲ. ಒಬ್ಬೊಬ್ಬರ ಸುತ್ತು ಬಂದ ಹೊತ್ತನ್ನು ಅವರದೇ ಬೇರೆ ಹೊತ್ತಿನ ಜೊತೆ ಹೋಲಿಸಿದರು. ಮನಸ್ಸಿಗೆ ನೋವಾದ, ಸಿಟ್ಟು ಬಂದ ಮೂರು ಗಂಟೆಯೊಳಗೆ ಸುತ್ತು ಬರುವ ಸಾಧ್ಯತೆ ಸುಮಾರು ಐದು ಪಟ್ಟು ಕಂಡಿತು. ಮೈ ದಣಿಯುವ ಕೆಲಸಕ್ಕೂ ಸುತ್ತಿಗೂ ಅಂಥ ನಂಟು ಕಾಣಲಿಲ್ಲ. ಚಿಕ್ಕ ಅಧ್ಯಯನ ನಿಜ. ಆದರೂ ಮನೆಗೆಲಸ ಮಾಡಿದ್ದಕ್ಕೇ ಸುತ್ತು ಬಂತು ಎಂದು ಕೈಕಟ್ಟಿ ಕೂರುವವರಿಗೆ ಇದರಲ್ಲಿ ಒಂದು ಸಮಾಧಾನವಿದೆ.

ಒತ್ತಡ ಈ ಕಾಯಿಲೆಯನ್ನು ಹುಟ್ಟಿಸುತ್ತದೆ ಎಂದು ಇದರಿಂದ ಅರ್ಥವಾಗುವುದಿಲ್ಲ. ಕಿವಿ ಮೊದಲೇ ಕೆಟ್ಟಿದೆ. ಒತ್ತಡ ಅದನ್ನು ಕೆಣಕಬಹುದು, ಅಷ್ಟೆ. ಚಿಕ್ಕಮ್ಮ, ನೀವೇ ತಂದುಕೊಂಡ ಕಾಯಿಲೆ ಇದಲ್ಲ.

ಉಲ್ಟಾ ದಾರಿಯ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನ್ನ ಪ್ರಕಾರ ಅದೇ ದೊಡ್ಡದು. ಈ ಕಾಯಿಲೆಯೇ ಟೆನ್ಷನ್ ತರುತ್ತದೆ. ಯಾವಾಗ ಬರುತ್ತೋ ಗೊತ್ತಿಲ್ಲ, ಬಸ್ಸಿನಲ್ಲಿ ಬರುತ್ತೋ ಮದುವೆ ಮನೆಯಲ್ಲಿ ಬರುತ್ತೋ ಗೊತ್ತಿಲ್ಲ. ಚಿಕ್ಕಮ್ಮ ಸಂತೆಗೆ ಹೋಗುವುದು ಬಿಟ್ಟರು. ಕತ್ತು ಬಿಗಿಹಿಡಿದು, ಗೋಡೆ ಸವರಿಕೊಂಡು ನಡೆಯತೊಡಗಿದರು. ಒಂದು ಕಿವಿ ಸೋತಾಗ ಉಳಿದ ಕಿವಿ, ಕಣ್ಣು, ಪಾದಗಳ ಸುದ್ದಿಯಿಂದಲೇ ಸಮತೋಲ ಕಾಯುವುದನ್ನು ಮಿದುಳು ಕಲಿಯಬೇಕು. ನಡೆದಾಡಿದರೆ, ತಲೆ ಆಡಿಸಿದರೆ ಮಾತ್ರ ಅದು ಕಲಿಯುತ್ತದೆ. ಹೆದರಿ ಕೂತರೆ ಕಲಿಕೆ ನಿಲ್ಲುತ್ತದೆ. ಆಗ ಸುತ್ತು ಇಲ್ಲದ ದಿನವೂ ಓಲಾಡಿದ ಹಾಗೆ ಆಗುತ್ತದೆ. ಗಾಬರಿಯಲ್ಲಿ ಏದುಸಿರು ಬಿಟ್ಟರೆ ಅದರಿಂದಲೂ ತಲೆ ಹಗುರಾಗುತ್ತದೆ, ‘ಅಯ್ಯೋ ಬಂತು’ ಎನಿಸುತ್ತದೆ, ಗಾಬರಿ ಇನ್ನೂ ಏರುತ್ತದೆ.

ಈ ಸರಪಳಿಯನ್ನು ಕಡಿಯಬಹುದು. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ 360 ಮೆನಿಯೇರ್ಸ್ ರೋಗಿಗಳಿದ್ದರು. ಕೆಲವರ ಕೈಗೆ ಸಮತೋಲದ ವ್ಯಾಯಾಮ ಹೇಳಿಕೊಡುವ ಪುಸ್ತಿಕೆ ಕೊಟ್ಟರು. ಕೆಲವರಿಗೆ ಉಸಿರಾಟ, ಮೈ ಸಡಿಲಿಸುವುದು, ಹೆದರಿಕೆಯ ಯೋಚನೆಗಳನ್ನು ನಿಭಾಯಿಸುವುದು ಹೇಳಿಕೊಡುವ ಪುಸ್ತಿಕೆ ಕೊಟ್ಟರು. ಉಳಿದವರಿಗೆ ಏನನ್ನೂ ಕೊಡದೆ ಕಾಯಲು ಹೇಳಿದರು. ಪುಸ್ತಿಕೆ ಓದಿ ಮಾಡಿದವರು ಕಾದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಬರೀ ಪುಸ್ತಿಕೆ, ಔಷಧಿಯಲ್ಲ! ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಹೇಳುವುದಕ್ಕೂ, ಹೇಗೆ ಎಂದು ಹೇಳಿಕೊಡುವುದಕ್ಕೂ ಇಷ್ಟು ವ್ಯತ್ಯಾಸವಿದೆ.

ಔಷಧಿಗಳ ಕಥೆಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮಲ್ಲಿ ತಲೆಸುತ್ತು ಎಂದ ಕೂಡಲೇ ಬೀಟಾಹಿಸ್ಟೀನ್ ಮಾತ್ರೆ ಬರೆಯುವುದು ಮಾಮೂಲಿ. ಜರ್ಮನಿಯಲ್ಲಿ 221 ರೋಗಿಗಳಿಗೆ ಒಂಬತ್ತು ತಿಂಗಳು ಇದನ್ನು ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಕಡಿಮೆ ಡೋಸ್ ತಿಂದವರಿಗೂ, ಜಾಸ್ತಿ ತಿಂದವರಿಗೂ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗೂ ಸುತ್ತು ಕಡಿಮೆಯಾಗಿತ್ತು. ಮೂರು ಗುಂಪಿಗೂ ಹೆಚ್ಚೂಕಡಿಮೆ ಒಂದೇ ತೆರನಾಗಿ.

ಶಸ್ತ್ರಚಿಕಿತ್ಸೆಯಲ್ಲೂ ಇಂಥದ್ದೇ ಆಗಿದೆ. ಅಮೆರಿಕದ ಗಗನಯಾನಿ ಅಲನ್ ಶೆಪರ್ಡ್ ಅವರನ್ನು ಮೆನಿಯೇರ್ಸ್ ಕಾರಣಕ್ಕೆ ವರ್ಷಗಟ್ಟಲೆ ಹಾರಾಟದಿಂದ ದೂರ ಇಟ್ಟಿದ್ದರು. ಒಳಕಿವಿಯ ದ್ರವ ಹರಿದುಹೋಗಲು ಪುಟ್ಟ ಕೊಳವೆ ಇಡಿಸಿಕೊಂಡು ಗುಣವಾದ ಅವರು 1971ರಲ್ಲಿ ಚಂದ್ರನ ಮೇಲೆ ನಡೆದರು. ಹತ್ತು ವರ್ಷದ ನಂತರ ಡೆನ್ಮಾರ್ಕಿನ ವೈದ್ಯರು 30 ರೋಗಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಅರ್ಧ ಜನಕ್ಕೆ ಇಂಥ ಕೊಳವೆ ಇಡುವ ಆಪರೇಷನ್, ಇನ್ನರ್ಧಕ್ಕೆ ಬರೀ ಕಿವಿಯ ಹಿಂದಿನ ಎಲುಬು ಕೊರೆದು ಮುಚ್ಚಿದ ತೋರಿಕೆಯ ಆಪರೇಷನ್. ಎರಡೂ ಗುಂಪಿನ ಹೆಚ್ಚಿನವರು ಸುಧಾರಿಸಿದರು. ಆ ಲೆಕ್ಕದ ಬಗ್ಗೆ ಆಮೇಲೆ ತಜ್ಞರಲ್ಲಿ ವಾದ ನಡೆದಿದೆ. ಆದರೂ ಒಂದು ವಿಷಯ ಸ್ಪಷ್ಟ. ಈ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ತೀರಾ ಏರಿದಾಗ. ಆಮೇಲೆ ಇಳಿದರೆ ಆಗ ಮಾಡಿದ್ದಕ್ಕೆ ಹೆಸರು ಬರುತ್ತದೆ. ‘ಗ್ಯಾರಂಟಿ ಗುಣ’ ಎನ್ನುವ ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಹಾಗೆಂದು ವೈದ್ಯರ ಹತ್ತಿರ ಏನೂ ಇಲ್ಲ ಎಂದಲ್ಲ. ಸುತ್ತು ಪದೇ ಪದೇ ಬಂದು ಬದುಕೇ ನಿಂತರೆ ಕಿವಿಪೊರೆಯ ಮೂಲಕ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ಉಪಾಯವಿದೆ. ತಿನ್ನುತ್ತಿರುವ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸಬೇಡಿ, ಡಾಕ್ಟರ ಜೊತೆ ಮಾತಾಡಿ.

ಉಪ್ಪಿನ ವಿಷಯ. 1934ರಲ್ಲಿ ಅಮೆರಿಕದ ಫರ್ಸ್ಟನ್‌ಬರ್ಗ್ ಎಂಬ ವೈದ್ಯರು ಉಪ್ಪು ಕಡಿಮೆ ಮಾಡುವ ಪಥ್ಯ ಹೇಳಿದರು. ಅಂದಿನಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. 2018ರಲ್ಲಿ ತಜ್ಞರು ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಉಪ್ಪು, ಕಾಫಿ, ಮದ್ಯ ಬಿಟ್ಟರೆ ಸುತ್ತು ತಗ್ಗುತ್ತದೆ ಎಂದು ಸರಿಯಾಗಿ ಪರೀಕ್ಷಿಸಿದ ಪ್ರಯೋಗ ಒಂದೂ ಸಿಗಲಿಲ್ಲ. ಹಾಗಿದ್ದರೂ ನಾನು ಕಡಿಮೆ ಮಾಡಿ ಎಂದೇ ಹೇಳುತ್ತೇನೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಬಿಪಿಗಾದರೂ ಒಳ್ಳೆಯದು. ಅಂದರೆ ಒಂದು ಟೀ ಚಮಚ, ಇಡೀ ದಿನಕ್ಕೆ. ‘ಉಪ್ಪಿಗಿಂತ ರುಚಿಯಿಲ್ಲ’ ಎನ್ನುವ ಮನೆಗಳಲ್ಲಿ ಇದು ಸುಲಭ ಅಲ್ಲ, ಅಲ್ವಾ? ಸಾರಿಗೆ ಉಪ್ಪು ಕಡಿಮೆ ಮಾಡಿ, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಬಡಿಸಿಕೊಂಡರೆ ಲೆಕ್ಕ ಅಲ್ಲಿಗೇ ತಪ್ಪಿತು. ಹಪ್ಪಳದ ಸೋಡಾದಲ್ಲೂ ಸೋಡಿಯಂ ಇದೆ. ಸೈಂಧವ ಲವಣವೂ ಬಹುಪಾಲು ಅದೇ ಉಪ್ಪು. ಆದರೆ ಪೂರ್ತಿ ಬಿಡುವುದೂ ಸರಿಯಲ್ಲ. ಮೂತ್ರ ಹೆಚ್ಚಿಸಿ ಮೈಯ ನೀರಿಳಿಸುವ ಮಾತ್ರೆ ತಿನ್ನುವ ವಯಸ್ಸಾದವರಿಗೆ ರಕ್ತದಲ್ಲಿ ಸೋಡಿಯಂ ತೀರಾ ಇಳಿದು ಬೇರೆ ಅಪಾಯ ಆಗಬಹುದು. ಕಿವಿಯಲ್ಲಿ ನೀರು ಜಾಸ್ತಿ ಎಂದು ಕುಡಿಯುವ ನೀರನ್ನು ಕಡಿಮೆ ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಬಾಯಾರಿ, ಮೇಲೆ ಹೇಳಿದ ಅದೇ ಹಾರ್ಮೋನು ಏರುತ್ತದೆ. ನೀರು ಕುಡಿಯಿರಿ.

ನಿದ್ದೆಯ ಬಗ್ಗೆ ಉದ್ದ ಬರೆಯುವುದಿಲ್ಲ. ದಿನಾ ಒಂದೇ ಹೊತ್ತಿಗೆ ಮಲಗಿ ಏಳುವುದು, ಬೆಳಿಗ್ಗೆ ಅರ್ಧ ಗಂಟೆ ನಡೆಯುವುದು, ಇವೆರಡರಿಂದ ಮನಸ್ಸೂ ಸಮತೋಲವೂ ಗಟ್ಟಿಯಾಗುತ್ತವೆ. ಪ್ರಾಣಾಯಾಮ ಮಾಡುವವರು ಮಾಡಿ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುವುದನ್ನು ಕಲಿತರೆ ಸುತ್ತಿನ ಹೊತ್ತಿನಲ್ಲಿ ಗಾಬರಿ ಕಡಿಮೆಯಾಗುತ್ತದೆ. ಕಿವಿ ಅದರಿಂದ ವಾಸಿಯಾಗುತ್ತದೆ ಎಂದು ಮಾತ್ರ ಹೇಳಲಾರೆ. ಸುತ್ತು ಬಂದ ದಿನ ಕೊಡುವ ವಾಂತಿ, ತಲೆಸುತ್ತಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ಸುಮ್ನೆ ನುಂಗುತ್ತಿರಬೇಡಿ. ಅವು ಮಿದುಳಿನ ಆ ಕಲಿಕೆಯನ್ನೇ ನಿಧಾನ ಮಾಡುತ್ತವೆ.

ಚಿಕ್ಕಮ್ಮನಿಗೆ ಎಲ್ಲಕ್ಕಿಂತ ಕೈಹಿಡಿದದ್ದು ಒಂದು ನೋಟ್‌ಬುಕ್. ಸುತ್ತು ಬಂದ ದಿನ, ಹೊತ್ತು, ಎಷ್ಟು ನಿಮಿಷ, ಯಾವ ಕಿವಿ ಕಟ್ಟಿತು, ಹಿಂದಿನ ರಾತ್ರಿ ನಿದ್ದೆ ಎಷ್ಟು, ಏನು ತಿಂದರು, ಯಾರ ಜೊತೆ ಮಾತಿಗೆ ಮಾತು ಬೆಳೆಯಿತು, ಎಲ್ಲ ಬರೆದರು. ನಾಲ್ಕು ತಿಂಗಳ ಮೇಲೆ ಪುಟ ತಿರುವಿದಾಗ ಮೂರು ವಿಷಯ ಕಂಡವು. ನಿದ್ದೆಗೆಟ್ಟ ಮರುದಿನವೇ ಜಾಸ್ತಿ ಸಲ ಬಂದಿತ್ತು. ಅವರು ಹೆದರಿ ಬಿಟ್ಟಿದ್ದ ಬದನೆಕಾಯಿಗೂ ಇದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಮತ್ತೆ, ಅಷ್ಟು ದಿನದಲ್ಲಿ ಬಂದದ್ದು ಆರೇ ಸಲ. ‘ನಂಗೆ ದಿನಾ ಬರುತ್ತೆ ಅನ್ಸಿತ್ತು ಕಣೋ’ ಎಂದರು. ಡಾಕ್ಟರಿಗೂ ಆ ನೋಟ್‌ಬುಕ್ ತುಂಬಾ ಉಪಯೋಗಕ್ಕೆ ಬಂತು.

ಗಾಡಿ ಓಡಿಸುವುದನ್ನು ಮಾತ್ರ ಅವರು ನಿಲ್ಲಿಸಿದ್ದಾರೆ. ಕೆಲವರಿಗೆ ಮುನ್ಸೂಚನೆಯೇ ಇಲ್ಲದೆ ಧೊಪ್ಪನೆ ಬೀಳುವ ಹಾಗೆ ಆಗುವುದುಂಟು. ಅದಕ್ಕೆ ಡಾಕ್ಟರು ಬೇಡ ಎಂದಿದ್ದಾರೆ. ಈಗ ಅವರ ಪರ್ಸಿನಲ್ಲಿ ಒಂದು ವಾಂತಿಯ ಕವರು, ಒಂದು ಮಾತ್ರೆ, ಅಂಗೈಯಗಲದ ಒಂದು ಕಾರ್ಡು ಇರುತ್ತವೆ. ಕಾರ್ಡಿನಲ್ಲಿ ಅವರದೇ ಅಕ್ಷರ: ‘ನನಗೆ ಕಿವಿಯ ಕಾಯಿಲೆಯಿಂದ ತಲೆಸುತ್ತು ಬರುತ್ತದೆ. ಪ್ರಜ್ಞೆ ಇದೆ, ನಿಮ್ಮ ಮಾತು ಕೇಳಿಸುತ್ತಿದೆ. ಎಬ್ಬಿಸಬೇಡಿ, ಮಲಗಲು ಬಿಡಿ. ಈ ನಂಬರಿಗೆ ಫೋನ್ ಮಾಡಿ.’ ಹೋದ ತಿಂಗಳು ಅದನ್ನು ಇಟ್ಟುಕೊಂಡು ಒಬ್ಬರೇ ಬಸ್ಸು ಹತ್ತಿ, ಮುಂದಿನ ಕಿಟಕಿಯ ಸೀಟು ಹಿಡಿದು, ತವರಿನ ಜಾತ್ರೆಗೆ ಹೋಗಿ ಬಂದರು.