ಕಡಿಮೆ ಬೆಲೆಯ ಹಂದಿ ಕೂದಲಿನ ಶೇವಿಂಗ್ ಬ್ರಷ್: ಕೊಳ್ಳುವಾಗ ಏನು ನೋಡಬೇಕು?

ಪ್ರಶ್ನೆ: ಹಂದಿ ಕೂದಲಿನ ಶೇವಿಂಗ್ ಬ್ರಷ್ ಕೊಳ್ಳಬೇಕೆಂದಿದ್ದೇನೆ, ಹೆಚ್ಚು ದುಡ್ಡು ಹಾಕುವ ಮನಸ್ಸಿಲ್ಲ. ಅಂಗಡಿಯಲ್ಲಿ ಮುಟ್ಟಿ ನೋಡಿದರೆ ಎಲ್ಲವೂ ಪೊರಕೆಯ ಹಾಗೆ ಚುಚ್ಚುತ್ತವೆ. ಅಗ್ಗದ್ದರಲ್ಲೇ ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಒಣಗಿದ ಹೊಸ ಬ್ರಷ್ಷನ್ನು ಕೆನ್ನೆಗೆ ಉಜ್ಜಿ ನೋಡಿ ತೀರ್ಮಾನಕ್ಕೆ ಬರಬೇಡಿ. ಹಂದಿಯ ಬಿರುಗೂದಲು ನೀರು ಹೀರಿದ ಮೇಲಷ್ಟೇ ಮೆತ್ತಗಾಗುವುದು. ಬಳಸುತ್ತ ಹೋದ ಹಾಗೆ ಒಂದೊಂದು ಕೂದಲಿನ ತುದಿಯೂ ಎರಡು ಮೂರು ಎಳೆಯಾಗಿ ಸೀಳುತ್ತದೆ. ಮುಖಕ್ಕೆ ಹಿತವಾಗಿ ತಾಗುವುದೂ ನೊರೆಯನ್ನು ಹಿಡಿದಿಡುವುದೂ ಈ ಸೀಳಿದ ತುದಿಗಳೇ. ಹೀಗಾಗಿ ಹೊಸ ಬ್ರಷ್ ಚುಚ್ಚುವುದು ದೋಷವಲ್ಲ. ನೋಡಬೇಕಾದ್ದು ಬೇರೆಯೇ ಇದೆ.

ಹಿಡಿಯ ಅಂದಕ್ಕೆ ಮರುಳಾಗದೆ ನೇರವಾಗಿ ಕೂದಲಿನ ಕಟ್ಟನ್ನು ನೋಡಿ. ಒಂದೇ ಕಂಪನಿಯ ಅಗ್ಗದ ಬ್ರಷ್‌ಗೂ ದುಬಾರಿ ಬ್ರಷ್‌ಗೂ ಎಷ್ಟೋ ಸಲ ಹಿಡಿಯಲ್ಲೇ ಹೆಚ್ಚಿನ ವ್ಯತ್ಯಾಸ ಇರುತ್ತದೆ. ಪ್ಲಾಸ್ಟಿಕ್ ಹಿಡಿಯಿಂದ ಶೇವಿಂಗ್‌ಗೆ ಯಾವ ತೊಂದರೆಯೂ ಇಲ್ಲ. ವಾರ್ನಿಷ್ ಹಚ್ಚಿದ ಮರದ ಹಿಡಿ ನೋಡಲು ಚೆಂದ, ಆದರೆ ದಿನಾ ನೀರು ತಾಗಿ ವಾರ್ನಿಷ್ ಬಿರುಕು ಬಿಟ್ಟರೆ ಮರ ಉಬ್ಬುತ್ತದೆ.

ಇನ್ನು ಅಳತೆ. ಕೂದಲಿನ ಕಟ್ಟು ಹಿಡಿಯೊಳಗೆ ಇಳಿಯುವ ಜಾಗದ ವ್ಯಾಸ ಒಂದು, ಅಲ್ಲಿಂದ ತುದಿಯವರೆಗಿನ ಎತ್ತರ ಇನ್ನೊಂದು. ಮೊದಲ ಬ್ರಷ್‌ಗೆ 22ರಿಂದ 25 ಮಿ.ಮೀ. ವ್ಯಾಸ, 50ರಿಂದ 57 ಮಿ.ಮೀ. ಎತ್ತರ ಸರಿಹೋಗುತ್ತದೆ. ನೊರೆಯನ್ನು ನೇರವಾಗಿ ಮುಖದ ಮೇಲೇ ಎಬ್ಬಿಸುವವರು ಈ ಎತ್ತರದಲ್ಲಿ ಗಿಡ್ಡದ್ದನ್ನೇ ಆರಿಸಲಿ, ಅದು ಬಾಗದೆ ಗಟ್ಟಿಯಾಗಿ ನಿಲ್ಲುತ್ತದೆ. ಬಟ್ಟಲಲ್ಲಿ ನೊರೆ ಕಡೆಯುವವರಿಗೆ 60 ಮಿ.ಮೀ. ದಾಟಿದರೂ ಅಡ್ಡಿಯಿಲ್ಲ. ನೆನೆದ ಮೇಲೆ ಹಂದಿ ಕೂದಲು ಬುಡದಿಂದಲೇ ಮೆತ್ತಗಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಒಣಗಿದ್ದಾಗ ಬಿಗಿಯಾಗಿ ಕಂಡ ಉದ್ದ ಬ್ರಷ್ ಒದ್ದೆಯಾದಾಗ ಜೋಲಾಡಬಹುದು. ಇಟಲಿಯ ಬೊಲೊನ್ಯದಲ್ಲಿ ತಯಾರಾಗುವ ಒಮೆಗಾ ಬ್ರಷ್‌ಗಳಲ್ಲಿ ‘ಪ್ರೊ 48’ ಉದ್ದ ಕೂದಲಿನದು, ಬಟ್ಟಲಿಗೆ ಹೇಳಿ ಮಾಡಿಸಿದ್ದು. ಪೋರ್ಚುಗಲ್‌ನ ಸೆಮೋಗ್ ಕಂಪನಿಯ ‘1305’ ಬ್ರಷ್‌ನ ಕಟ್ಟು ಸಣ್ಣದು, ಮುಖದ ಮೇಲೆ ತಿರುಗಿಸಲು ಹಗುರ. ಎರಡೂ ಕಡಿಮೆ ಬೆಲೆಯವೇ, ಎರಡೂ ವರ್ಷಗಟ್ಟಲೆ ಬರುತ್ತವೆ.

ಕೈಗೆತ್ತಿಕೊಂಡು ನೋಡಲು ಅವಕಾಶವಿದ್ದರೆ ಬ್ರಷ್ಷನ್ನು ಬೆಳಕಿಗೆ ಹಿಡಿದು ಕೂದಲ ತುದಿ ಪರೀಕ್ಷಿಸಿ. ತುದಿಯತ್ತ ತೆಳುವಾಗುತ್ತ, ಬಣ್ಣ ಕೊಂಚ ತಿಳಿಯಾಗುತ್ತ ಹೋಗಿ, ಅಲ್ಲಲ್ಲಿ ಕವಲೊಡೆದಿದ್ದರೆ ಅದು ಕೂದಲಿನ ಸಹಜ ತುದಿ. ಎಲ್ಲ ತುದಿಗಳೂ ಕತ್ತರಿಯಲ್ಲಿ ಸಮ ಮಾಡಿದ ಹಾಗೆ ಮೊಂಡಾಗಿದ್ದರೆ ಬಿಟ್ಟುಬಿಡಿ. ಚೆನ್ನಾಗಿ ಕಟ್ಟಿದ ಬ್ರಷ್‌ನಲ್ಲಿ ಮೇಲಿನ ದುಂಡು ಆಕಾರ ಕೂದಲನ್ನು ಜೋಡಿಸುವಾಗಲೇ ಬಂದಿರುತ್ತದೆ. ಕತ್ತರಿಸಿ ಆಕಾರ ಕೊಟ್ಟಿದ್ದರೆ ದಪ್ಪ ಭಾಗವೇ ಮುಖಕ್ಕೆ ತಾಗುತ್ತದೆ, ಅದು ಪಳಗಲು ಬಹಳ ಕಾಲ ಬೇಕು. ಆಮೇಲೆ ಕೂದಲನ್ನು ನಡುವೆ ಬಿಡಿಸಿ ಬೆರಳನ್ನು ಬುಡದವರೆಗೆ ಇಳಿಸಿ. ಮಧ್ಯದಲ್ಲಿ ಪೊಳ್ಳು ಸಿಕ್ಕರೆ ಆ ಬ್ರಷ್ ನೊರೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಮುಖಕ್ಕೆ ಬಿಡುವುದಿಲ್ಲ. ಕಪ್ಪು ಪಟ್ಟೆಯಿದ್ದರೆ ಅದು ಬ್ಯಾಜರ್ ಎಂಬ ಕಾಡುಪ್ರಾಣಿಯ ದುಬಾರಿ ಕೂದಲಿನಂತೆ ಕಾಣಲಿ ಎಂದು ಹಾಕಿದ ಬಣ್ಣ. ತೊಳೆಯುತ್ತ ಮಾಸಬಹುದು, ಬ್ರಷ್ಷಿನ ಕೆಲಸಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕೂದಲು ನಿಜಕ್ಕೂ ಹಂದಿಯದೇ ಎಂದು ಅನುಮಾನ ಬಂದರೆ, ಉದುರಿದ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ನಿಜವಾದ ಕೂದಲು ಸುಟ್ಟ ಕೂದಲಿನ ವಾಸನೆ ಬಿಟ್ಟು ಪುಡಿಪುಡಿ ಬೂದಿಯಾಗುತ್ತದೆ. ನೈಲಾನ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಹಂದಿ ಕೂದಲು ಬೇಡವೇ ಬೇಡ ಎನ್ನುವವರಿಗೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಅಂಥವರು ಸಿಂಥೆಟಿಕ್ ಬ್ರಷ್ ಕೊಳ್ಳಲಿ, ಅದನ್ನು ನೆನೆಸಬೇಕಿಲ್ಲ, ಪಳಗಿಸಬೇಕಿಲ್ಲ.

ಕೊಂಡು ತಂದ ಮೇಲಿನ ಮೊದಲ ಕೆಲವು ವಾರಗಳಲ್ಲೇ ಬಹಳ ಜನ ಬೇಸತ್ತು ಬ್ರಷ್ ಎಸೆಯುತ್ತಾರೆ. ಹಾಗೆ ಮಾಡಬೇಡಿ. ಮೊದಲ ದಿನ ಸ್ವಲ್ಪ ಶಾಂಪೂ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಪ್ರಾಣಿಯ ವಾಸನೆ ಸ್ವಲ್ಪ ಉಳಿದರೂ ಹೆದರಬೇಡಿ, ವಾರದೊಳಗೆ ಹೋಗುತ್ತದೆ. ಬಳಿಕ ಶೇವಿಂಗ್ ಸೋಪಿನಿಂದ ಗಟ್ಟಿ ನೊರೆ ಎಬ್ಬಿಸಿ, ನೊರೆ ತುಂಬಿದ ಬ್ರಷ್ಷನ್ನು ಕೆಲವು ಗಂಟೆ ಹಾಗೇ ಬಿಟ್ಟು ತೊಳೆದು, ಪೂರ್ತಿ ಒಣಗಿಸಿ. ತುದಿ ಸೀಳುವುದು ಹೀಗೆ ನೆನೆದು ಒಣಗುವ ಆವರ್ತನೆಯಲ್ಲೇ. ಸಾಮಾನ್ಯವಾಗಿ 15ರಿಂದ 30 ಶೇವ್ ಆಗುವ ಹೊತ್ತಿಗೆ ಬ್ರಷ್ ಪಳಗಿರುತ್ತದೆ.

“ನೊರೆ ನಿಲ್ಲುವುದೇ ಇಲ್ಲ, ಬ್ರಷ್ ನುಂಗಿಬಿಡುತ್ತದೆ” ಎಂಬ ದೂರಿನ ಮೂಲ ಹೆಚ್ಚಾಗಿ ನೆನೆಸದಿರುವುದು. ಒಣ ಕೂದಲು ನೊರೆಯಲ್ಲಿರುವ ನೀರನ್ನೇ ಹೀರಿಬಿಡುತ್ತದೆ. ಪ್ರತಿ ಸಲವೂ 3ರಿಂದ 5 ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಿ, ಎರಡು ಮೂರು ಬಾರಿ ಕೊಡವಿ, ಸೋಪಿನ ಮೇಲೆ 30 ಸೆಕೆಂಡಾದರೂ ತಿರುಗಿಸಿ. ನೆನೆಸುವಾಗ ಕೂದಲಷ್ಟೇ ಮುಳುಗಲಿ, ಹಿಡಿ ನೀರಿನ ಹೊರಗಿರಲಿ. ಕುದಿಯುವ ನೀರು ಖಂಡಿತ ಬೇಡ. ಅದರಿಂದ ಕೂದಲು ಹಾಳಾಗುತ್ತದೆ, ಒಳಗಿನ ಅಂಟೂ ಸಡಿಲಗೊಳ್ಳುತ್ತದೆ. ಮುಖದ ಮೇಲೆ ಒತ್ತಿ ಜಜ್ಜುವ ಅಭ್ಯಾಸವಿದ್ದರೆ ಬಿಡಿ, ಕಟ್ಟಿನ ನಡುವಿನ ಕೂದಲು ಬುಡದಲ್ಲೇ ಮುರಿಯತೊಡಗುತ್ತದೆ.

ಶುರುವಿನಲ್ಲಿ ಪ್ರತಿ ಶೇವ್‌ಗೂ ಕೆಲವು ಕೂದಲು ಉದುರುವುದು ಸಹಜ. ಎರಡು ಮೂರು ವಾರವಾದರೂ ನಿಲ್ಲದಿದ್ದರೆ, ಅಥವಾ ಒಂದೇ ಕಡೆಯಿಂದ ಹಿಡಿಹಿಡಿಯಾಗಿ ಕಳಚಿದರೆ ಅಂಟು ಸರಿಯಿಲ್ಲ, ಬದಲಾಯಿಸಿಕೊಳ್ಳಿ. ಇಡೀ ಕಟ್ಟು ಒಂದೇ ತುಂಡಾಗಿ ಹಿಡಿಯಿಂದ ಹೊರಬಂದರೆ ಮಾತ್ರ ಬ್ರಷ್ ಕೆಟ್ಟಿತೆಂದುಕೊಳ್ಳಬೇಕಿಲ್ಲ. ಎರಡು ದಿನ ಒಣಗಿಸಿ, ಹಳೆಯ ಅಂಟನ್ನು ಕೆರೆದು, ನೀರಿಗೆ ಬಿಡದ ಎಪಾಕ್ಸಿ ಹಾಕಿ ನೇರವಾಗಿ ಕೂರಿಸಿ, ಒಂದು ದಿನ ಮುಟ್ಟದೆ ಬಿಟ್ಟರೆ ಸಾಕು.

ಗಡಸು ನೀರು ಬರುವ ಕಡೆ ಕೂದಲ ಬುಡದಲ್ಲಿ ಬಿಳಿ ಪದರ ಕಟ್ಟಿ ಬ್ರಷ್ ಮತ್ತೆ ಒರಟಾಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಬಿಳಿ ವಿನಿಗರ್ ಬೆರೆಸಿ, ಐದು ನಿಮಿಷ ಆಡಿಸಿ ತೊಳೆದರೆ ಅದು ಬಿಡುತ್ತದೆ. ಬ್ರಷ್ಷನ್ನು ನೇತುಹಾಕಿ ಇಲ್ಲವೇ ನಿಲ್ಲಿಸಿಡಿ, ಎರಡರಲ್ಲೂ ಒಣಗುತ್ತದೆ. ಒದ್ದೆಯಾಗಿದ್ದಾಗ ಮುಚ್ಚಿದ ಡಬ್ಬಿಯೊಳಗೆ ಇಡುವುದು ಮಾತ್ರ ಬೇಡ, ಒಳಗೆ ಬೂಷ್ಟು ಹಿಡಿಯುತ್ತದೆ. ದಿನಾ ಶೇವ್ ಮಾಡುವವರು ಇದೇ ಬೆಲೆಯ ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸುವುದು, ಒಂದೇ ದುಬಾರಿ ಬ್ರಷ್ ಕೊಳ್ಳುವುದಕ್ಕಿಂತ ಮೇಲು.