ಹಾಲು ಬಿಡಿಸುವಾಗ ತಾಯಿಯ ಎದೆಯಲ್ಲಿ ಏನಾಗುತ್ತದೆ?

ನಮ್ಮ ನರ್ಸಿಂಗ್ ಪಾಠದಲ್ಲಿ ಹಾಲು ಬಿಡಿಸೋದು ಅಂದ್ರೆ ಮಗುವಿನ ಊಟದ ವಿಷಯ. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ. ಇದು ಎಲ್ಲರಿಗೂ ಬಾಯಿಪಾಠ. ತಾಯಿಯ ಮೈಗೆ ಏನಾಗುತ್ತದೆ ಅಂತ ನನಗೆ ತಿಳಿದದ್ದು ಬ್ಯಾಡಗಿ ಹತ್ತಿರದ ಹಳ್ಳಿಗೆ ಪೋಸ್ಟಿಂಗ್ ಹೋದಾಗ.

ಆ ತಾಯಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಮಗುವಿಗೆ 14 ತಿಂಗಳು. ‘ಕೈಯಾಗ ಖಾರ ಇರತೈತ್ರಿ ಅಕ್ಕಾರ, ಕೂಸಿಗೆ ಹೆಂಗ ಕುಡಸಲಿ?’ ಅಂದರು. ಬೇವಿನ ಎಲೆ ಅರೆದು ಹಚ್ಚಿ ಒಂದೇ ದಿನಕ್ಕೆ ಹಾಲು ಬಿಡಿಸಿದ್ದರು. ಮೂರನೇ ದಿನ ತೋಳು ಮೇಲೆತ್ತಲು ಆಗುತ್ತಿರಲಿಲ್ಲ. ಕುಪ್ಪಸ ಒದ್ದೆ. ‘ಎದಿ ಕಲ್ಲ ಆಗೇತ್ರಿ.’ ಮುಟ್ಟಿ ನೋಡಿದೆ. ಸುಮ್ನೆ ಹೇಳಿದ ಮಾತಲ್ಲ ಅದು.

ಯಾಕೆ ಹೀಗೆ? ಹಾಲು ಮೊದಲು ಬರುವುದು ಪ್ರೊಲ್ಯಾಕ್ಟಿನ್ ಹಾರ್ಮೋನಿನಿಂದ. ಆದರೆ ಎಷ್ಟು ಬರಬೇಕು ಅನ್ನೋದನ್ನು ಆಯಾ ಎದೆಯೇ ತೀರ್ಮಾನಿಸುತ್ತದೆ. ಖಾಲಿಯಾದಷ್ಟು ತುಂಬುತ್ತದೆ. ಹಾಲು ಒಳಗೇ ನಿಂತರೆ ‘ಸಾಕು’ ಅನ್ನುವ ಸೂಚನೆ ಹೋಗಿ, ಹಾಲು ಮಾಡುವ ಕೋಶಗಳು ನಿಧಾನ ಕುಗ್ಗುತ್ತವೆ. ಅದಕ್ಕೇ ಒಂದು ಕಡೆ ಮಾತ್ರ ಕುಡಿಸುವವರಿಗೆ ಇನ್ನೊಂದು ಕಡೆ ಬತ್ತುತ್ತದೆ. ಈ ಕೆಲಸಕ್ಕೆ ದಿನಗಳು ಬೇಕು. ಒಮ್ಮೆಲೇ ನಿಲ್ಲಿಸಿದರೆ ಹಾಲು ಬರುವುದು ಬರುತ್ತಲೇ ಇರುತ್ತದೆ, ಹೋಗಲು ದಾರಿ ಇರಲ್ಲ. ಜೊತೆಗೆ ಬಾವು.

ಹಾಗಾಗಿ ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ಹೊತ್ತಿನ ಹಾಲು ಬಿಡಿಸುವುದು ಒಳ್ಳೆಯದು. ಬಿಗಿಯಾದರೆ ನೋವು ಇಳಿಯುವಷ್ಟು ಮಾತ್ರ ಕೈಯಿಂದ ಹಿಂಡಬೇಕು. ಪೂರ್ತಿ ಖಾಲಿ ಮಾಡಿದರೆ ‘ಇನ್ನೂ ಬೇಕು’ ಅಂತ ಹೇಳಿದ ಹಾಗೆ. ಇದು ನಾವೆಲ್ಲ ತಪ್ಪುವ ಜಾಗ! ತಣ್ಣೀರು ಬಟ್ಟೆ ಇಡಬಹುದು, ಪ್ಯಾರಾಸಿಟಮಾಲ್ ಕೊಡಬಹುದು. ಸೀರೆ ತುಂಡಿನಿಂದ ಬಿಗಿದು ಕಟ್ಟುವುದು, ಗಂಟನ್ನು ಜೋರಾಗಿ ತಿಕ್ಕುವುದು ಬೇಡ. ತಿಕ್ಕಿದಷ್ಟು ಬಾವು ಜಾಸ್ತಿ. ನೀರು ಕಡಿಮೆ ಕುಡಿದರೆ ಹಾಲು ಬತ್ತುತ್ತದೆ ಅನ್ನೋದೂ ಸರಿಯಲ್ಲ.

ಒಂದು ಜಾಗ ಕೆಂಪಾಗಿ ಬಿಸಿಯಾಗಿ, ಚಳಿ-ಜ್ವರ, ಮೈಕೈ ನೋವು ಬಂದರೆ ಅದು ಮ್ಯಾಸ್ಟೈಟಿಸ್, ಅಂದ್ರೆ ಎದೆಯ ಉರಿಯೂತ, ಇರಬಹುದು. ಒಂದು ದಿನದಲ್ಲಿ ಇಳಿಯದಿದ್ದರೆ, ಅಥವಾ ಜಾಸ್ತಿಯಾಗುತ್ತಿದ್ದರೆ ಕೂಡಲೇ, ಡಾಕ್ಟರ್ ಹತ್ತಿರ ಕಳಿಸಬೇಕು. ಆಗ ಹಾಲು ಪಟ್ಟನೆ ನಿಲ್ಲಿಸಬಾರದು. ಆ ಹಾಲು ಮಗುವಿಗೆ ಕೆಡುಕೂ ಅಲ್ಲ.

ಉಳಿದ ಬದಲಾವಣೆಗಳಿಗೆ ಹೆದರಬೇಕಿಲ್ಲ. ಕೊನೆಕೊನೆಗೆ ಹಾಲು ಸ್ವಲ್ಪ ಉಪ್ಪುಪ್ಪಾಗುತ್ತದೆ, ಸೋಡಿಯಂ ಏರುವುದರಿಂದ. ಬಿಟ್ಟು ವಾರಗಳಾದರೂ ಹನಿ ಜಿನುಗಬಹುದು. ಮುಟ್ಟು ಮರಳುತ್ತದೆ. ಅದಕ್ಕೂ ಮೊದಲೇ ಮತ್ತೆ ಬಸಿರಾಗಬಹುದು, ಇದನ್ನು ತಾಯಿಗೆ ಹೇಳಲೇಬೇಕು. ಕೆಲವರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಹಾರ್ಮೋನುಗಳ ಏರುಪೇರೂ ಅದಕ್ಕೆ ಕಾರಣ ಇರಬಹುದು. ‘ಕೂಸು ದೂರ ಆತಲ್ಲ, ಅದಕ್ಕ’ ಅಂತ ಅತ್ತೆಯವರು ಹೇಳೋದೂ ಸುಳ್ಳಲ್ಲ, ಅಲ್ವಾ? ವಾರಗಟ್ಟಲೆ ಹೋಗದ ದುಃಖ ಮಾತ್ರ ಬೇರೆ, ತೋರಿಸಬೇಕು.

ಆ ತಾಯಿಗೆ ನಮ್ಮ ಸಿಸ್ಟರ್ ಹೇಳಿದ್ದು ಕೈ ತೊಳೆಯುವ ಪಾಠ. ಖಾರ ಬರೀ ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತದೆ. ಕೆಲಸ ಬಿಟ್ಟ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು. ಬೇವು ತೊಳೆದುಕೊಂಡು ರಾತ್ರಿಯ ಹಾಲನ್ನು ಮತ್ತೆ ಶುರು ಮಾಡಿದರು. ಹಗಲಿನದು ಒಂದೊಂದಾಗಿ ಬಿಟ್ಟಿತು.