ರಿಪೋರ್ಟ್ ಒಂದೇ ಥರ ಇದ್ದರೆ ರೋಗಾಣುವೂ ಒಂದೇನಾ?

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಐಸಿಯುನಲ್ಲಿದ್ದಾಗ ಮೂತ್ರದ ಕಲ್ಚರ್‌ನಲ್ಲಿ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂತು. ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್‌ಗೂ ಬಗ್ಗುವುದಿಲ್ಲ ಅಂದರು. ಪಕ್ಕದ ಬೆಡ್ಡಿನವರ ರಿಪೋರ್ಟೂ ಅಚ್ಚು ಹಾಗೇ ಇತ್ತು. ಅವರಿಂದಲೇ ಅಂಟಿತು ಅನ್ನಬಹುದಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಆದರೆ ಆ ರಿಪೋರ್ಟ್ ನೋಡಿ ಹಾಗೆ ತೀರ್ಮಾನಿಸಲು ಬರುವುದಿಲ್ಲ.

ಅದನ್ನೇ ಇನ್ನೊಮ್ಮೆ ತೆಗೆದು ನೋಡಿ. ಮೇಲೆ ರೋಗಾಣುವಿನ ಹೆಸರು, ಕೆಳಗೆ ಆಂಟಿಬಯಾಟಿಕ್‌ಗಳ ಪಟ್ಟಿ, ಒಂದೊಂದರ ಮುಂದೆಯೂ ಎಸ್, ಐ ಅಥವಾ ಆರ್. ಎಸ್ ಇದ್ದರೆ ಔಷಧಿ ನಾಟುತ್ತದೆ, ಆರ್ ಇದ್ದರೆ ಇಲ್ಲ, ಐ ಎಂದರೆ ಎರಡರ ನಡುವಿನದು. ಯಾವ ಔಷಧಿ ಕೊಡಬೇಕೆಂದು ಡಾಕ್ಟರಿಗೆ ಗೊತ್ತಾಗಲು ಇಷ್ಟು ಸಾಕು. ಎರಡು ಚೀಲದಲ್ಲೂ ರಾಶಿ ಅಡಿಕೆ ಇದೆ ಅಂದಮಾತ್ರಕ್ಕೆ ಎರಡೂ ಒಂದೇ ತೋಟದ್ದಾಗುವುದಿಲ್ಲವಲ್ಲ, ಹಾಗೆಯೇ ಇದು. ಸಾಲದ್ದಕ್ಕೆ ಕ್ಲೆಬ್ಸಿಯೆಲ್ಲಾ ಆರೋಗ್ಯವಂತರ ಕರುಳಿನಲ್ಲೂ ಸುಮ್ಮನೆ ಇರುತ್ತದೆ, ಮನೆಯಿಂದಲೇ ಬಂದಿರಲೂಬಹುದು.

ಮೂಲ ಹಿಡಿಯಬೇಕಾದರೆ ಡಿಎನ್‌ಎ ನೋಡಬೇಕು. ಹಳೆಯ ಕ್ರಮದಲ್ಲಿ ಡಿಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ಜೆಲ್ ಮೇಲೆ ವಿದ್ಯುತ್ ಹಾಯಿಸಿ, ಮೂಡುವ ಪಟ್ಟೆಗಳನ್ನು ಹೋಲಿಸುತ್ತಿದ್ದರು. ಪಿಎಫ್‌ಜಿಇ ಎಂಬ ಈ ವಿಧಾನಕ್ಕೆ ದಿನಗಳೇ ಹಿಡಿಯುತ್ತಿದ್ದವು. 1998ರಲ್ಲಿ ಬಂದ ಎಂಎಲ್‌ಎಸ್‌ಟಿಯಲ್ಲಿ ಏಳು ಜೀನ್‌ಗಳ ತುಣುಕುಗಳನ್ನು ಓದಿ, ರೋಗಾಣುವಿಗೆ ಒಂದು ಟೈಪ್ ಸಂಖ್ಯೆ ಕೊಡುತ್ತಾರೆ. ಕುಲ ತಿಳಿಯಲು ಒಳ್ಳೆಯದು. ಆದರೆ ಕ್ಲೆಬ್ಸಿಯೆಲ್ಲಾದ ಸುಮಾರು 55 ಲಕ್ಷ ಡಿಎನ್‌ಎ ಅಕ್ಷರಗಳಲ್ಲಿ ಅದು ಓದುವುದು ಸುಮಾರು 3,000. ಟೈಪ್ 147 ಭಾರತದಲ್ಲೂ ಹೊರದೇಶಗಳಲ್ಲೂ ಸಿಕ್ಕಿದೆ; ಇಬ್ಬರಲ್ಲೂ 147 ಬಂದರೆ ಪಕ್ಕದ ಬೆಡ್ಡಿನ ಮೇಲೆ ತಪ್ಪು ಹೊರಿಸಲಾಗದು.

ಈಗ ಇಡೀ ಜೀನೋಮ್, ಅಂದರೆ ರೋಗಾಣುವಿನ ಪೂರ್ತಿ ಡಿಎನ್‌ಎ ಓದುತ್ತಾರೆ. ಲಕ್ಷಗಟ್ಟಲೆ ಅಕ್ಷರಗಳಲ್ಲಿ ವ್ಯತ್ಯಾಸ ಬೆರಳೆಣಿಕೆಯಷ್ಟಿದ್ದರೆ ನಂಟು ಹತ್ತಿರದ್ದು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ ಇಂಥದ್ದೇ ಕ್ಲೆಬ್ಸಿಯೆಲ್ಲಾ 18 ರೋಗಿಗಳಿಗೆ ಹರಡಿತು. ಮೊದಲ ರೋಗಿ ಡಿಸ್ಚಾರ್ಜ್ ಆಗಿ ಮೂರು ವಾರದ ಮೇಲೆ ಎರಡನೆಯವರಲ್ಲಿ ಕಂಡಿದ್ದರಿಂದ ಸಂಬಂಧವಿಲ್ಲ ಎಂದೇ ತೋರುತ್ತಿತ್ತು. ಜೀನೋಮ್ ಓದಿದಾಗ ಎಲ್ಲವೂ ಆ ಮೊದಲ ರೋಗಿಯಿಂದಲೇ ಕವಲೊಡೆದದ್ದು ಗೊತ್ತಾಯಿತು. ಸಿಂಕಿನ ಪೈಪಿನಲ್ಲೂ, ತೊಳೆದಿಟ್ಟ ವೆಂಟಿಲೇಟರ್‌ನಲ್ಲೂ ಅದೇ ರೋಗಾಣು ಸಿಕ್ಕಿತ್ತು. ಹಾಗಾಗಿ ಪಕ್ಕದ ರೋಗಿಯನ್ನು ದೂರುವ ಮೊದಲು ಸಿಂಕು, ಕ್ಯಾತಿಟರ್, ತೊಳೆಯದ ಕೈ ಇವನ್ನೆಲ್ಲ ನೆನೆಯಬೇಕು ಅನ್ನುವುದು ನನ್ನ ಪಕ್ಷ.

ಇಷ್ಟಕ್ಕೇ ಮುಗಿಯದ ತೊಡಕೊಂದಿದೆ. ಮೆರೊಪೆನೆಮ್‌ನಂಥ ಔಷಧಿ ನಾಟದಂತೆ ಮಾಡುವ ಎನ್‌ಡಿಎಂನಂಥ ನಿರೋಧಕ ಜೀನ್‌ಗಳು ಹೆಚ್ಚಾಗಿ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ. ಅದು ಒಂದು ಬ್ಯಾಕ್ಟೀರಿಯಾದಿಂದ ಬೇರೆ ಜಾತಿಯದಕ್ಕೂ ದಾಟುತ್ತದೆ. ಒಬ್ಬರಲ್ಲಿ ಕ್ಲೆಬ್ಸಿಯೆಲ್ಲಾ, ಇನ್ನೊಬ್ಬರಲ್ಲಿ ಇ. ಕೋಲಿ ಎಂಬ ಬೇರೆ ಬ್ಯಾಕ್ಟೀರಿಯಾ ಇದ್ದು, ಪ್ಲಾಸ್ಮಿಡ್ ಮಾತ್ರ ಒಂದೇ ಆಗಿರಬಹುದು. ಹೀಗಾಗಿ ಟೈಪ್ ಬೇರೆ ಬಂತೆಂದು ವಾರ್ಡಿನಲ್ಲಿ ಏನೂ ಹರಡಿಲ್ಲ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಉದ್ದುದ್ದ ತುಣುಕು ಓದುವ ಹೊಸ ಯಂತ್ರಗಳು ಪ್ಲಾಸ್ಮಿಡ್ಡನ್ನೂ ಪೂರ್ತಿ ಜೋಡಿಸಿ ಕೊಡುತ್ತವೆ.

ಮಾಮೂಲಿ ಕಲ್ಚರ್ ಜೊತೆ ಈ ಪರೀಕ್ಷೆಗಳನ್ನು ಮಾಡುವುದಿಲ್ಲ. ಚಿಕಿತ್ಸೆಗೆ ಬೇಕಾಗುವುದೂ ಇಲ್ಲ. ಆದರೂ ವಿಷಯ ತಿಳಿಯಲೇಬೇಕೆಂದಿದ್ದರೆ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಬರೆದುಕೊಡಿ. ಇಬ್ಬರ ರೋಗಾಣುವನ್ನೂ ಲ್ಯಾಬ್ ಫ್ರೀಜರ್‌ನಲ್ಲಿ ಉಳಿಸಿದೆಯೇ ಕೇಳಿ. ಹಾಗೆ ಉಳಿಸದೆ ರೋಗಾಣು ಬೆಳೆಸಿದ ಪ್ಲೇಟನ್ನು ಬಿಸಾಡಿದ್ದರೆ ಡಿಎನ್‌ಎ ಹೋಲಿಸಿ ನೋಡುವ ಮಾತೇ ಇಲ್ಲ. ಮೂತ್ರ ಕೊಟ್ಟ ತಾರೀಕನ್ನೂ ನೋಡಿಕೊಳ್ಳಿ. ಅಡ್ಮಿಟ್ ಆಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯದ್ದೆಂದು ಲೆಕ್ಕ ಹಿಡಿಯುತ್ತಾರೆ.